ಕಾರಿನ ಮೇಲೆ ಪೊಲೀಸ್ ಅಂತಿಲ್ಲ, ಶೆರೀಫ್ ಅಂತಿದೆ. ಇವರ ಮೇಲೆ ಯಾರು?

ಹಾಸನದ ಹುಡುಗ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಲಾಸ್ ಏಂಜಲೀಸ್ ಕೌಂಟಿಯ ಆರ್ಟೀಸಿಯಾಗೆ ಬಂದೆವು. ಪಯೋನಿಯರ್ ಬುಲೆವಾರ್ಡ್ ಹತ್ತಿರವೇ ಮನೆ. ಅಪ್ಪ ಊರಿಂದ ಬಂದಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತಿ ಆದವರು. ನಿನ್ನೆ ಸಂಜೆ ಸೊಪ್ಪು, ಕರಿಬೇವು ತರಲು ಹೋದಾಗ ಒಂದು ಕಪ್ಪು-ಬಿಳಿ ಕಾರು ನೋಡಿ ನಿಂತುಬಿಟ್ಟರು. "ಇದರ ಮೇಲೆ ಪೊಲೀಸ್ ಅಂತ ಬರೆದೇ ಇಲ್ಲವಲ್ಲೋ? ಶೆರೀಫ್ ಅಂತಿದೆ. ಯಾರಿವರು?"

ಅವರೂ ಪೊಲೀಸರೇ ಅಪ್ಪಾ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ಹಾಗಾದ್ರೆ ಇವರ ಎಸ್ಪಿ ಯಾರು? ಆ ಎಸ್ಪಿ ಮೇಲೆ ಯಾರು?"

ರಾತ್ರಿ ಕೂತು ಹುಡುಕಿದೆ. ಸಿಕ್ಕಿದ್ದೆಲ್ಲ ಹಚ್ಚೆ, ಜೈಲು, ಕೋರ್ಟು, ಪರಿಹಾರದ ಹಣ. ತಲೆಬುಡ ಅರ್ಥ ಆಗಲಿಲ್ಲ. ಇಲ್ಲಿ ಹಳಬರು ಇದ್ದೀರಿ. ಸ್ವಲ್ಪ ಬಿಡಿಸಿ ಹೇಳ್ತೀರಾ?

ಲೇಕ್‌ವುಡ್ ರಾಯರು
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಮೂವತ್ತು ವರ್ಷ ಇಲ್ಲಿದ್ದೂ ಎಷ್ಟೋ ಜನ ಕೇಳದ ಪ್ರಶ್ನೆಯನ್ನು ಅವರು ಕೇಳಿದ್ದಾರೆ.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನ, 88 ಊರುಗಳು. ಲಾಸ್ ಏಂಜಲೀಸ್ ನಗರ ಅದರಲ್ಲಿ ಒಂದು, ಅದಕ್ಕೆ ತನ್ನದೇ ಪೊಲೀಸ್ ಇಲಾಖೆ ಇದೆ. ಲಾಂಗ್ ಬೀಚ್, ಪ್ಯಾಸಡೀನಾ ಇವೂ ತಮ್ಮ ಪೊಲೀಸರನ್ನು ತಾವೇ ಸಾಕುತ್ತವೆ. ಆದರೆ 42 ಊರುಗಳಿಗೆ ಸ್ವಂತ ಪೊಲೀಸರಿಲ್ಲ. ಅವು ಕೌಂಟಿಯ ಶೆರೀಫ್ ಇಲಾಖೆಗೆ ಹಣ ಕೊಟ್ಟು ಸೇವೆ ತರಿಸಿಕೊಳ್ಳುತ್ತವೆ. ನಿಮ್ಮ ಆರ್ಟೀಸಿಯಾ ಹಾಗೆ. ಪಕ್ಕದ ಸೆರಿಟೋಸ್ ಹಾಗೆ. ನಮ್ಮ ಲೇಕ್‌ವುಡ್ಡಂತೂ ಈ ಪದ್ಧತಿಯ ತವರುಮನೆ.

ಅದೊಂದು ಕಥೆ. 1954ರಲ್ಲಿ ಲಾಂಗ್ ಬೀಚ್ ನಮ್ಮೂರನ್ನು ತನ್ನೊಳಗೆ ಸೇರಿಸಿಕೊಳ್ಳಲು ನೋಡುತ್ತಿತ್ತು. ಊರಿನವರು ಬೇಡ ಅಂದರು, ತಮ್ಮದೇ ನಗರ ಮಾಡಿಕೊಂಡರು. ಆದರೆ ಠಾಣೆ, ಕಾರು, ಸಂಬಳ, ಇದಕ್ಕೆಲ್ಲ ದುಡ್ಡೆಲ್ಲಿ? ಕೌಂಟಿಯ ಜೊತೆ ಒಪ್ಪಂದ ಮಾಡಿಕೊಂಡರು. ದಿನಕ್ಕೆ ಇಷ್ಟು ಕಾರು, ಇಷ್ಟು ಗಂಟೆ, ವರ್ಷಕ್ಕೆ ಇಷ್ಟು ಹಣ. ಹಾಲಿನವನಿಗೆ ವರ್ತನೆ ಹಾಕಿಸಿದ ಹಾಗೆ. ಇದಕ್ಕೆ ಲೇಕ್‌ವುಡ್ ಪ್ಲಾನ್ ಅಂತಲೇ ಹೆಸರು ಬಿತ್ತು. ಆಮೇಲೆ ಹುಟ್ಟಿದ ಸಣ್ಣ ಊರುಗಳಲ್ಲಿ ಹೆಚ್ಚಿನವು ಇದೇ ದಾರಿ ಹಿಡಿದವು. ಕಾಂಪ್ಟನ್ ಅಂತೂ ಇದ್ದ ಪೊಲೀಸ್ ಇಲಾಖೆಯನ್ನೇ 2000ದಲ್ಲಿ ಮುಚ್ಚಿ ಶೆರೀಫ್‌ಗೆ ಒಪ್ಪಿಸಿತು.

ಇದು ಗಸ್ತಿನ ಮಾತು. ಇನ್ನುಳಿದ ಕೆಲಸ ಕೇಳಿ. ಯಾವ ನಗರಕ್ಕೂ ಸೇರದ ಈಸ್ಟ್ ಲಾಸ್ ಏಂಜಲೀಸ್ (ಈಸ್ಟ್ ಎಲ್‌ಎ) ಥರದ ಪ್ರದೇಶಗಳು ಇವರದೇ. ಕೋರ್ಟಿನ ಕಾವಲು ಇವರದು. ಬಾಡಿಗೆ ಕಟ್ಟದವರನ್ನು ಕೋರ್ಟ್ ಆದೇಶದ ಮೇಲೆ ಮನೆ ಬಿಡಿಸುವವರು ಇವರು. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕುವವರು ಇವರೇ. ಎಲ್ಲಕ್ಕಿಂತ ದೊಡ್ಡದು ಜೈಲು. ದೇಶದ ಅತಿ ದೊಡ್ಡ ಕೌಂಟಿ ಜೈಲು ವ್ಯವಸ್ಥೆ ಇವರ ಕೈಯಲ್ಲಿದೆ. ಒಟ್ಟು ಹುದ್ದೆ ಸುಮಾರು 18 ಸಾವಿರ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಶೆರೀಫ್ ಇಲಾಖೆ ಇಲ್ಲ.

ಆರ್ಟೀಸಿಯಾ ನಮ್ಮ ಲೇಕ್‌ವುಡ್ ಠಾಣೆಗೇ ಸೇರುತ್ತದೆ. ಕಂದು ಅಂಗಿ, ಹಸಿರು ಪ್ಯಾಂಟು ಕಂಡರೆ ಅವರು ಅಂತ ತಿಳಿಯಿರಿ.

ಬಿಸಿಬೇಳೆ
ಮುಂಬೈಗೂ ಒಬ್ಬ ಶೆರೀಫ್ ಇದ್ದರಲ್ವಾ? ಗವಾಸ್ಕರ್ ಒಮ್ಮೆ ಆಗಿದ್ದರು. ಅವರು ಯಾರನ್ನೂ ಅರೆಸ್ಟ್ ಮಾಡಿದ ನೆನಪಿಲ್ಲ.

ಕೋರ್ಟು ಕಚೇರಿ
ಹೆಸರು ಒಂದೇ, ಬೇರು ಒಂದೇ, ಬೆಳೆದದ್ದು ಬೇರೆ ಬೇರೆ ಸಾರ್. ಮುಂಬೈಯಲ್ಲಿ ಅದು ಬರೀ ಗೌರವದ ಹುದ್ದೆ. ಮೂಲ ಇಂಗ್ಲೆಂಡಿನದು. ಷೈರ್ ಅಂದರೆ ಸೀಮೆ, ರೀವ್ ಅಂದರೆ ಅದನ್ನು ನೋಡಿಕೊಳ್ಳುವ ಅಧಿಕಾರಿ. ಎರಡೂ ಸವೆದು ಶೆರೀಫ್ ಆಯಿತು. ನಮ್ಮಲ್ಲಿ ಹಿಂದೆ ಅಮಲ್ದಾರರು ಇರಲಿಲ್ವಾ, ಸುಮಾರು ಹಾಗೆ. ಬ್ರಿಟಿಷರು ಅದೇ ಹೆಸರನ್ನು ಮುಂಬೈಗೂ ಒಯ್ದರು, ಅಮೆರಿಕಕ್ಕೂ ಒಯ್ದರು. ಅಮೆರಿಕದವರು ಅದಕ್ಕೆ ಚುನಾವಣೆ ಸೇರಿಸಿದರು.

ಹಾಸನದವರೇ, ನಿಮ್ಮ ತಂದೆ ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ಶೆರೀಫನನ್ನು ಯಾರೂ ನೇಮಕ ಮಾಡುವುದಿಲ್ಲ. ಜನ ಓಟು ಹಾಕಿ ಆರಿಸುತ್ತಾರೆ, ನಾಲ್ಕು ವರ್ಷಕ್ಕೊಮ್ಮೆ. ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಹಾಗೆ ಬರೆದಿದೆ. ಕೌಂಟಿಗೆ ಐದು ಜನರ ಸೂಪರ್‌ವೈಸರ್ ಮಂಡಳಿ ಇದೆ. ಬಜೆಟ್ ಕೊಡುವವರು ಅವರು. ದಾವೆ ಬಿದ್ದರೆ ಪರಿಹಾರ ಕಟ್ಟುವವರೂ ಅವರೇ. ಆದರೆ 2022ರವರೆಗೆ ಶೆರೀಫನನ್ನು ಕುರ್ಚಿಯಿಂದ ಇಳಿಸಲು ಅವರಿಗೆ ಅಧಿಕಾರ ಇರಲಿಲ್ಲ. ಅಂದರೆ ದುಡ್ಡು ಅವರದು, ಲಗಾಮು ಯಾರ ಕೈಯಲ್ಲೂ ಇರಲಿಲ್ಲ.

ಹಾಸನದ ಹುಡುಗ
ಅಪ್ಪ ಪಕ್ಕದಲ್ಲೇ ಕೂತು ಓದಿಸ್ಕೊಳ್ತಿದ್ದಾರೆ. "ಎಸ್ಪೀನೇ ಓಟು ಕೇಳೋಕೆ ಬರ್ತಾನಾ?" ಅಂತ ನಗು. ಆಮೇಲೆ ಸ್ವಲ್ಪ ಯೋಚಿಸಿ, "ಒಳ್ಳೇದೇ ಅಲ್ವಾ, ಸರಿ ಇಲ್ಲದಿದ್ದರೆ ಜನ ಸೋಲಿಸ್ತಾರೆ" ಅಂದರು.

ಲೇಕ್‌ವುಡ್ ರಾಯರು
ಸೋಲಿಸಬೇಕಲ್ಲ! ಲೆಕ್ಕ ಕೇಳಿ. ಯೂಜೀನ್ ಬಿಸ್ಕೈಲುಜ್ 1932ರಿಂದ 1958. ಪೀಟರ್ ಪಿಚೆಸ್ 1958ರಿಂದ 1982. ಶೆರ್ಮನ್ ಬ್ಲಾಕ್ 1982ರಿಂದ 1998. ಲೀ ಬಾಕಾ 1998ರಿಂದ 2014. ಎಂಬತ್ತೆರಡು ವರ್ಷಕ್ಕೆ ನಾಲ್ಕೇ ಜನ. ಮೈಸೂರು ಅರಮನೆಯಲ್ಲೂ ಇಷ್ಟು ನಿಧಾನಕ್ಕೆ ಪಟ್ಟ ಬದಲಾಗಲಿಲ್ಲವೇನೋ. ಮೊದಲಿನವರ ಹೆಸರಿನಲ್ಲಿ ತರಬೇತಿ ಕೇಂದ್ರ ಇದೆ, ಎರಡನೆಯವರ ಹೆಸರಿನಲ್ಲಿ ಜೈಲಿದೆ.

1998ರ ಚುನಾವಣೆ ನನಗೆ ಚೆನ್ನಾಗಿ ನೆನಪಿದೆ. ಬ್ಲಾಕ್ ಮತ್ತೆ ನಿಂತಿದ್ದರು. ಮತದಾನಕ್ಕೆ ಕೆಲವೇ ದಿನ ಇದೆ ಅನ್ನುವಾಗ ತೀರಿಕೊಂಡರು. ಹೆಸರು ಮತಪತ್ರದಲ್ಲಿ ಹಾಗೇ ಉಳಿಯಿತು. ಲಕ್ಷಾಂತರ ಜನ ಅವರಿಗೇ ಓಟು ಹಾಕಿದರು! ಗೆದ್ದದ್ದು ಬಾಕಾ, ಅದು ಬೇರೆ ಮಾತು.

ಬಿಸಿಬೇಳೆ
ಸತ್ತವರ ಹೆಸರಲ್ಲಿ ಓಟು ಬೀಳೋದು ಕೇಳಿದ್ದೆ. ಸತ್ತವರಿಗೇ ಓಟು ಬೀಳೋದು ಇದೇ ಮೊದಲು.

ಕೋರ್ಟು ಕಚೇರಿ
ಬಾಕಾ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಸಿನಿಮಾ ಹಾಗಿದೆ, ಆದರೆ ಎಲ್ಲ ಕೋರ್ಟಿನಲ್ಲಿ ಸಾಬೀತಾದದ್ದು.

ನಗರದ ಮಧ್ಯೆ ಮೆನ್ಸ್ ಸೆಂಟ್ರಲ್ ಜೈಲ್ ಇದೆ. 1963ರಲ್ಲಿ ಶುರುವಾದ ಹಳೇ ಕಟ್ಟಡ. ಅಲ್ಲಿ ಕೈದಿಗಳನ್ನು ಡೆಪ್ಯುಟಿಗಳು, ಅಂದರೆ ಶೆರೀಫ್ ಇಲಾಖೆಯ ಪೊಲೀಸರು, ಹೊಡೆಯುತ್ತಾರೆ ಎಂಬ ದೂರು ಬಹಳ ದಿನದಿಂದ ಇತ್ತು. 2011ರಲ್ಲಿ ಎಫ್‌ಬಿಐ ಗುಟ್ಟಾಗಿ ತನಿಖೆ ನಡೆಸುತ್ತಿತ್ತು. ಒಬ್ಬ ಕೈದಿಯೇ ಅವರ ಮಾಹಿತಿದಾರ. ಒಬ್ಬ ಡೆಪ್ಯುಟಿ ಲಂಚ ತಗೊಂಡು ಆ ಕೈದಿಗೆ ಮೊಬೈಲ್ ತಂದುಕೊಟ್ಟ. ಲಂಚದ ದುಡ್ಡು ಎಫ್‌ಬಿಐದೇ. ಆಗಸ್ಟಿನಲ್ಲಿ ಫೋನ್ ಸಿಕ್ಕಿಬಿತ್ತು. ಅದು ಎಫ್‌ಬಿಐಗೆ ಕರೆ ಮಾಡಿದ ಫೋನ್ ಅಂತಲೂ ಗೊತ್ತಾಯಿತು.

ಇಲಾಖೆ ಏನು ಮಾಡಬೇಕಿತ್ತು? ಲಂಚ ತಗೊಂಡವನನ್ನು ಹಿಡಿಯಬೇಕಿತ್ತು. ಇವರು ಕೈದಿಯನ್ನೇ ಬಚ್ಚಿಟ್ಟರು. ಸುಳ್ಳು ಹೆಸರು ಹಾಕಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರು, ಎಫ್‌ಬಿಐ ಕೈಗೆ ಸಿಗಬಾರದು ಅಂತ. ಸಾಲದ್ದಕ್ಕೆ ಇಬ್ಬರು ಸಾರ್ಜೆಂಟುಗಳು ತನಿಖೆ ನಡೆಸುತ್ತಿದ್ದ ಮಹಿಳಾ ಏಜೆಂಟ್ ಮನೆ ಹತ್ತಿರವೇ ಹೋಗಿ, ನಿಮ್ಮ ಮೇಲೆ ವಾರಂಟ್ ತಯಾರಾಗ್ತಿದೆ ಅಂತ ಹೆದರಿಸಿದರು. ಕೌಂಟಿ ಪೊಲೀಸ್ ಕೇಂದ್ರದ ಪೊಲೀಸರನ್ನೇ ಅರೆಸ್ಟ್ ಮಾಡ್ತೀವಿ ಅನ್ನೋದು! ಅಧಿಕಾರದ ಮದ ಅಂದರೆ ಇದು.

ಕೊನೆಗೆ ಹತ್ತು ಜನರಿಗೆ ಶಿಕ್ಷೆ ಆಯಿತು. ಎರಡನೇ ಸ್ಥಾನದಲ್ಲಿದ್ದ ಅಂಡರ್‌ಶೆರೀಫ್ ಪಾಲ್ ತನಾಕಾಗೆ ಐದು ವರ್ಷ. ಬಾಕಾ 2014ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮೊದಲು ತಪ್ಪೊಪ್ಪಿಕೊಂಡು ಸಣ್ಣ ಶಿಕ್ಷೆಯಲ್ಲಿ ಮುಗಿಸುವ ಒಪ್ಪಂದ ಇತ್ತು, ಆರು ತಿಂಗಳು ಮೀರದ ಹಾಗೆ. ನ್ಯಾಯಾಧೀಶರು ಅದು ಕಡಿಮೆಯಾಯಿತು ಅಂದರು. ಬಾಕಾ ತಪ್ಪೊಪ್ಪಿಗೆ ವಾಪಸ್ ತಗೊಂಡರು. ಮೊದಲ ವಿಚಾರಣೆಯಲ್ಲಿ ಹನ್ನೆರಡು ಜ್ಯೂರಿಗಳಲ್ಲಿ ಹನ್ನೊಂದು ಜನ ಬಿಟ್ಟುಬಿಡಿ ಅಂದರಂತೆ, ಒಬ್ಬರು ಒಪ್ಪಲಿಲ್ಲ. ಆ ಒಬ್ಬರಿಂದ ಎರಡನೇ ವಿಚಾರಣೆ. 2017ರ ಮಾರ್ಚಿನಲ್ಲಿ ತಪ್ಪಿತಸ್ಥ ಅಂತ ತೀರ್ಪು. ಮೂರು ವರ್ಷ. ಆ ಹೊತ್ತಿಗೆ ಅಲ್ಜೈಮರ್ ಬಂದಿತ್ತು. 2020ರಲ್ಲಿ ಜೈಲಿಗೆ ಹೋದರು.

ಹದಿನೈದು ವರ್ಷ ಜೈಲಿನ ಬೀಗದ ಕೈ ಇಟ್ಟುಕೊಂಡವರು.

ನಿವೃತ್ತ ದಫೇದಾರ
ನಾನು ಮಗಳ ಮನೆಗೆ ಬಂದಿದ್ದೇನೆ. ಮೂವತ್ತೊಂದು ವರ್ಷ ಕರ್ನಾಟಕದಲ್ಲಿ ಖಾಕಿ ಹಾಕಿದವನು. ನಮ್ಮಲ್ಲಿ ಏನೂ ತಪ್ಪಿಲ್ಲ ಅನ್ನುವ ಪೈಕಿ ನಾನಲ್ಲ. ನಮ್ಮ ರೋಗ ವರ್ಗಾವಣೆ. ಒಳ್ಳೆ ಇನ್‌ಸ್ಪೆಕ್ಟರ್ ಬಂದು ಠಾಣೆ ಸರಿ ಮಾಡುವಷ್ಟರಲ್ಲಿ ಮೇಲಿನಿಂದ ಫೋನು, ಮಾರನೇ ದಿನ ಬೇರೆ ಊರು. ಎಸ್ಪಿ ಸಾಹೇಬರಿಗೂ ಅದೇ ಪಾಡು. ಇಲ್ಲಿಯ ಶೆರೀಫನಿಗೆ ಆ ಭಯ ಇಲ್ಲ. ಅದು ಕೇಳಿ ಮೊದಲು ಹೊಟ್ಟೆಕಿಚ್ಚಾಯಿತು. ಈಗ ಬಾಕಾ ಕಥೆ ಓದಿದ ಮೇಲೆ ಹಾಗನ್ನಿಸುತ್ತಿಲ್ಲ.

ನನಗೆ ಒಂದು ತಿಳಿಯಬೇಕು. ಆ ಹಚ್ಚೆಯ ವಿಷಯ ಏನು? ಮಗಳು ಪೂರ್ತಿ ಹೇಳಲಿಲ್ಲ, ಸುಮ್ನೆ ಬಿಡಿ ಅಪ್ಪಾ ಅಂದಳು.

ಕೋರ್ಟು ಕಚೇರಿ
ದಫೇದಾರರೇ, ಇದು ನಿಮಗೆ ಬೇಗ ಅರ್ಥ ಆಗುತ್ತೆ.

ಕೆಲವು ಠಾಣೆಗಳಲ್ಲಿ ಡೆಪ್ಯುಟಿಗಳದೇ ಒಳಗುಂಪು ಇವೆ. ಸೇರಿಸಿಕೊಂಡರೆ ಕಾಲಿಗೆ ಒಂದೇ ಥರದ ಹಚ್ಚೆ. ಲಿನ್‌ವುಡ್ ಠಾಣೆಯಲ್ಲಿ ವೈಕಿಂಗ್ಸ್. ಈಸ್ಟ್ ಎಲ್‌ಎಯಲ್ಲಿ ಬ್ಯಾಂಡಿಟೋಸ್, ಅವರ ಗುರುತು ದೊಡ್ಡ ಟೋಪಿ, ಮೀಸೆ, ಪಿಸ್ತೂಲಿನ ಅಸ್ಥಿಪಂಜರ. ಕಾಂಪ್ಟನ್‌ನಲ್ಲಿ ಎಕ್ಸಿಕ್ಯೂಷನರ್ಸ್, ಅಂದರೆ ಗಲ್ಲಿಗೇರಿಸುವವರು. ಜೈಲಿನೊಳಗೆ ಮಹಡಿಯ ಹೆಸರಿನ ಗುಂಪುಗಳು, ಎರಡನೇ ಮಹಡಿಯವರು 2000 ಬಾಯ್ಸ್, ಮೂರನೇ ಮಹಡಿಯವರು 3000 ಬಾಯ್ಸ್.

1991ರಲ್ಲೇ ಒಬ್ಬ ಫೆಡರಲ್ ನ್ಯಾಯಾಧೀಶರು ವೈಕಿಂಗ್ಸ್ ಬಗ್ಗೆ ಬರೆಯುತ್ತಾ, ಇದು ನಾಜಿ ಮಾದರಿಯ, ಬಿಳಿಯರೇ ಮೇಲು ಎನ್ನುವ ಗ್ಯಾಂಗ್ ಅಂದಿದ್ದರು. ಮುಂದಿನ ವರ್ಷ ಈ ಇಲಾಖೆಯನ್ನು ಪರಿಶೀಲಿಸಿದ ಕೋಲ್ಟ್ಸ್ ಆಯೋಗದ ವರದಿ ಬಂತು. 2012ರಲ್ಲಿ ಜೈಲು ಹಿಂಸೆಯ ಬಗ್ಗೆ ಇನ್ನೊಂದು ಆಯೋಗ. ಅಂಡರ್‌ಶೆರೀಫ್ ತನಾಕಾ ಕಾಲಲ್ಲೇ ವೈಕಿಂಗ್ಸ್ ಹಚ್ಚೆ ಇತ್ತು. ಹಚ್ಚೆ ಹಾಕಿಸಿಕೊಂಡ ಸಣ್ಣ ಡೆಪ್ಯುಟಿ ಮೇಲೆ ಕ್ರಮ ತಗೊಳ್ಳಿ ಅಂತ ಯಾರ ಹತ್ತಿರ ಹೋಗಿ ಹೇಳ್ತೀರಿ?

2018ರಲ್ಲಿ ಈಸ್ಟ್ ಎಲ್‌ಎ ಠಾಣೆಯವರ ಒಂದು ಪಾರ್ಟಿಯಲ್ಲಿ ಹೊಡೆದಾಟ ಆಯಿತು. ಹೊಡೆಸಿಕೊಂಡವರು ಕಳ್ಳರಲ್ಲ, ಕಿರಿಯ ಡೆಪ್ಯುಟಿಗಳು. ಬ್ಯಾಂಡಿಟೋಸ್ ಹೊಡೆದರು ಅಂತ ಅವರೇ ದಾವೆ ಹಾಕಿದರು. ಇಂಥ ಗುಂಪುಗಳ ಹೆಸರು ಬಂದ ಮೊಕದ್ದಮೆಗಳಿಗೆ ಕೌಂಟಿ 1990ರಿಂದ ಸುಮಾರು 5.5 ಕೋಟಿ ಡಾಲರ್ ಕಟ್ಟಿದೆ ಅನ್ನೋ ಪಟ್ಟಿ 2020ರಲ್ಲಿ ಹೊರಬಂತು. 2021ರಲ್ಲಿ ರಾಜ್ಯವೇ ಪೊಲೀಸ್ ಗ್ಯಾಂಗ್ ನಿಷೇಧಿಸುವ ಕಾನೂನು ಮಾಡಿತು. ಪೊಲೀಸರು ಗ್ಯಾಂಗ್ ಸೇರಬಾರದು ಅಂತ ಕಾನೂನು ಬೇಕಾಯಿತು ನೋಡಿ! 2023ರ ಮಾರ್ಚಿನಲ್ಲಿ, ಶೆರೀಫ್ ಇಲಾಖೆಯ ಮೇಲೆ ಕಣ್ಣಿಡುವ ಕೌಂಟಿಯ ನಾಗರಿಕ ಮೇಲ್ವಿಚಾರಣಾ ಆಯೋಗದ ವರದಿ, ಇವು ಇನ್ನೂ ಇವೆ ಅಂತ ಹೇಳಿತು.

ನಿವೃತ್ತ ದಫೇದಾರ
ಅರ್ಥವಾಯಿತು. ಒಂದು ಪ್ರಶ್ನೆ. ಹೊಸದಾಗಿ ಸೇರಿದ ಹುಡುಗನನ್ನು ಮೊದಲು ಎಲ್ಲಿಗೆ ಹಾಕುತ್ತಾರೆ?

ಲೇಕ್‌ವುಡ್ ರಾಯರು
ಜೈಲಿಗೆ. ಅದೇ ಇಲ್ಲಿಯ ರೂಢಿ. ತರಬೇತಿ ಮುಗಿದ ಮೇಲೆ ಹೆಚ್ಚಿನವರು ವರ್ಷಗಟ್ಟಲೆ ಜೈಲಿನಲ್ಲಿ ಕೆಲಸ ಮಾಡಿ, ಆಮೇಲೆ ಗಸ್ತಿಗೆ ಬರುತ್ತಾರೆ.

ನಿವೃತ್ತ ದಫೇದಾರ
ಹಾಗಾದರೆ ಹಚ್ಚೆ ಆಮೇಲಿನ ಮಾತು. ಇಪ್ಪತ್ತೆರಡು ವರ್ಷದ ಹುಡುಗ ಮೊದಲು ನೋಡುವ ಜನ ಎಲ್ಲ ಕೈದಿಗಳು. ಅವನಿಗೆ ಕೆಲಸ ಕಲಿಸುವವನು ಪಕ್ಕದ ಹಿರಿಯ. ಆ ಹಿರಿಯ ಹೊಡೆದರೆ ಇವನೂ ಹೊಡೆಯುತ್ತಾನೆ. ಇವನು ಬಾಯಿ ಬಿಟ್ಟರೆ ನಾಳೆ ಗಲಾಟೆ ಆದಾಗ ಬೆನ್ನಿಗೆ ಯಾರೂ ಬರುವುದಿಲ್ಲ. ನಾನು ಪೊಲೀಸ್ ಲೈನಿನಲ್ಲಿ ಇದ್ದವನು, ಈ ಭಯ ಗೊತ್ತು. ಗಸ್ತಿಗೆ ಬಂದಾಗಲೂ ಅವನ ಕಣ್ಣಿಗೆ ರಸ್ತೆಯಲ್ಲಿ ಹೋಗುವವರೆಲ್ಲ ಕೈದಿಗಳ ಹಾಗೇ ಕಾಣುತ್ತಾರೆ. ಸಾಹೇಬರು ಮೇಲಿನಿಂದ ನೂರು ಸುತ್ತೋಲೆ ಹೊರಡಿಸಲಿ, ಠಾಣೆ ನಡೆಯುವುದು ಹಿರಿಯ ಪೇದೆಯ ಮಾತಿನ ಮೇಲೆ.

ನರ್ಸಕ್ಕ
ಎಲ್ಲರೂ ಒಂದೇ ಕಡೆ ಹೇಳ್ತಿದ್ದೀರಿ. ನಾನು ಸ್ವಲ್ಪ ಈ ಕಡೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಪಕ್ಕದ ಮನೆಯ ಹುಡುಗ ಡೆಪ್ಯುಟಿ. ಕಡ್ಡಾಯ ಓವರ್‌ಟೈಮ್ ಮಾಡಿ ಮಾಡಿ ಮುಖ ಬಾಡಿ ಹೋಗಿದೆ. ಮಗುವಿನ ಹುಟ್ಟುಹಬ್ಬಕ್ಕೂ ಇರಲಿಲ್ಲ. ಜನ ಸಾಲದು, ಖಾಲಿ ಹುದ್ದೆ ತುಂಬುತ್ತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕಾಂಪ್ಟನ್‌ನಲ್ಲಿ ಕಾರಿನೊಳಗೆ ಸುಮ್ನೆ ಕೂತಿದ್ದ ಇಬ್ಬರು ಡೆಪ್ಯುಟಿಗಳಿಗೆ ಒಬ್ಬ ನಡೆದು ಬಂದು ಗುಂಡು ಹಾರಿಸಿದ. ಆ ಹೆಣ್ಣುಮಗಳಿಗೆ ದವಡೆಗೇ ಗುಂಡು ಬಿದ್ದಿತ್ತು. ಅಂಥದ್ದರಲ್ಲೂ ಜೊತೆಗಾರನ ಕೈಗೆ ರಕ್ತ ನಿಲ್ಲಿಸುವ ಪಟ್ಟಿ ಬಿಗಿದು, ರೇಡಿಯೋದಲ್ಲಿ ಸಹಾಯ ಕರೆದಳು. ಇಬ್ಬರೂ ಬದುಕಿದರು. ಆ ವಿಡಿಯೋ ನೋಡಿ ಅತ್ತಿದ್ದೆ ನಾನು.

2023ರ ನವೆಂಬರಿನಲ್ಲಿ ಒಂದೇ ದಿನದ ಅಂತರದಲ್ಲಿ ಈ ಇಲಾಖೆಯ ನಾಲ್ವರು ಜೀವ ಕಳೆದುಕೊಂಡರು, ಒಬ್ಬರು ನಿವೃತ್ತರು. ಯಾರೂ ಕೊಂದದ್ದಲ್ಲ. 2025ರ ಜುಲೈ 18ರಂದು ರಾಯರು ಹೇಳಿದ ಅದೇ ಬಿಸ್ಕೈಲುಜ್ ತರಬೇತಿ ಕೇಂದ್ರದಲ್ಲಿ ಸ್ಫೋಟ ಆಗಿ ಬಾಂಬ್ ದಳದ ಮೂವರು ಹೋದರು. 1857ರ ನಂತರ ಒಂದೇ ದಿನ ಇಷ್ಟು ಜನ ಹೋಗಿರಲಿಲ್ಲವಂತೆ. ಇವರೆಲ್ಲ ಹಚ್ಚೆಯವರಾ?

ಜೈಲಿನ ಮಾತು ಬಂತಲ್ಲ, ಅಲ್ಲಿರುವ ಎಷ್ಟೋ ಜನ ಕಳ್ಳರಲ್ಲ, ಮನಸ್ಸಿನ ಕಾಯಿಲೆಯವರು. ಟ್ವಿನ್ ಟವರ್ಸ್ ಜೈಲನ್ನು ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆ ಅಂತ ಕರೀತಾರೆ, ಹೊಗಳಿಕೆಯಿಂದಲ್ಲ. ಆಸ್ಪತ್ರೆ ಮಾಡಬೇಕಾದ ಕೆಲಸವನ್ನು ಬಂದೂಕು ಕೊಟ್ಟ ಹುಡುಗರ ತಲೆಗೆ ಕಟ್ಟಿದವರು ಯಾರು? ಅದು ಡೆಪ್ಯುಟಿ ತಪ್ಪಲ್ಲ.

ಕೋರ್ಟು ಕಚೇರಿ
ನಿಮ್ಮ ಮಾತು ಒಪ್ಪಿದೆ ಅಕ್ಕ. ಆದರೆ ಒಂದು ನೋಡಿ. ಈಸ್ಟ್ ಎಲ್‌ಎ ಪಾರ್ಟಿಯಲ್ಲಿ ಹೊಡೆತ ತಿಂದದ್ದೂ ನಿಮ್ಮ ಪಕ್ಕದ ಮನೆಯಂಥ ಹುಡುಗರೇ. ಗುಂಪಿಗೆ ಸೇರದ ಡೆಪ್ಯುಟಿಗೇ ಮೊದಲ ಏಟು ಬೀಳೋದು.

ನರ್ಸಕ್ಕ
ಅದು ನಿಜ. ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ.

ಮಲಿಬು ಭಕ್ತೆ
ನನ್ನ ನೆನಪೊಂದು ಹೇಳಲಾ? ಮಲಿಬು ದೇವಸ್ಥಾನ ಅಂತ ಕರೀತೀವಲ್ಲ ನಾವೆಲ್ಲ, ಕ್ಯಾಲಬಾಸಸ್‌ನ ವೆಂಕಟೇಶ್ವರನ ಗುಡಿ. 2020ರ ಜನವರಿ 26, ಭಾನುವಾರ. ಗಣರಾಜ್ಯೋತ್ಸವ ಅಂತ ಊರಿಗೆ ಫೋನ್ ಮಾಡಿ, ಮಕ್ಕಳನ್ನು ಕರ್ಕೊಂಡು ಹೊರಟೆವು. ಬೆಟ್ಟದ ಮೇಲೆ ದಟ್ಟ ಮಂಜು. ಲಾಸ್ ವರ್ಜೀನಸ್ ರಸ್ತೆ ಹತ್ತಿರ ಬರುವಷ್ಟರಲ್ಲಿ ದಾರಿ ಬಂದ್. ಮನೆಗೆ ವಾಪಸ್ ಬಂದ ಮೇಲೇ ಗೊತ್ತಾಗಿದ್ದು, ದೇವಸ್ಥಾನಕ್ಕೆ ಹೋಗುವ ಅದೇ ರಸ್ತೆ ಪಕ್ಕದ ಗುಡ್ಡಕ್ಕೆ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಬಡಿದಿದೆ ಅಂತ. ಅವರ ಮಗಳೂ ಇದ್ದಳು. ಒಂಬತ್ತು ಜನ ಹೋದರು.

ಆ ಪ್ರದೇಶ ಲಾಸ್ಟ್ ಹಿಲ್ಸ್ ಠಾಣೆಗೆ ಸೇರಿದ್ದು, ಅಂದರೆ ಇದೇ ಶೆರೀಫ್. ಅಲ್ಲಿಗೆ ಹೋದ ಕೆಲವರು ಮೃತದೇಹಗಳ ಫೋಟೋ ತೆಗೆದು ಮೊಬೈಲಿನಿಂದ ಮೊಬೈಲಿಗೆ ಹಂಚಿದರು. ಒಬ್ಬ ತರಬೇತಿ ಡೆಪ್ಯುಟಿ ನಾರ್ವಾಕ್‌ನ ಬಾರಿನಲ್ಲಿ ಕೂತು ಅಲ್ಲಿದ್ದವರಿಗೆ ತೋರಿಸಿದ. ಅದನ್ನು ಕಂಡ ಒಬ್ಬರು ದೂರು ಕೊಟ್ಟರು, ಪುಣ್ಯಾತ್ಮ. ಇಲಾಖೆ ತನಿಖೆ ಮಾಡುವ ಬದಲು, ಫೋಟೋ ಅಳಿಸಿಬಿಡಿ, ಶಿಕ್ಷೆ ಇರಲ್ಲ ಅಂದಿತು.

2022ರ ಆಗಸ್ಟಿನಲ್ಲಿ ತೀರ್ಪು ಬಂತು. ಬ್ರಯಂಟ್ ಹೆಂಡತಿಗೆ 1.6 ಕೋಟಿ ಡಾಲರ್. ಹೆಂಡತಿ, ಮಗಳು ಇಬ್ಬರನ್ನೂ ಕಳಕೊಂಡ ಇನ್ನೊಬ್ಬರಿಗೆ 1.5 ಕೋಟಿ. ಅಗ್ನಿಶಾಮಕದವರೂ ಫೋಟೋ ತೆಗೆದಿದ್ದರು, ಅವರ ಪಾಲೂ ಇದರಲ್ಲಿದೆ. ಅಪಘಾತದ ಜಾಗದಲ್ಲಿ ಹೀಗೆ ಫೋಟೋ ತೆಗೆಯುವುದು ಅಪರಾಧ ಅಂತ ರಾಜ್ಯ 2020ರಲ್ಲೇ ಕಾನೂನು ಮಾಡಿತ್ತು.

ಈಗಲೂ ದೇವಸ್ಥಾನಕ್ಕೆ ಹೋಗುವಾಗ ಆ ತಿರುವಿನಲ್ಲಿ ಕೈ ಮುಗೀತೀನಿ. ಮಗಳಿಗೆ ಯಾಕೆ ಅಂತ ಇನ್ನೂ ಪೂರ್ತಿ ಹೇಳಿಲ್ಲ.

ಬಿಸಿಬೇಳೆ
ಹಣ ಕಟ್ಟಿದ್ದು ಕೌಂಟಿ, ಅಂದ್ರೆ ನಮ್ಮ ಆಸ್ತಿ ತೆರಿಗೆ. ಅಳಿಸಿ ಅಂದ ಶೆರೀಫ್ ಯಾರು ಆಗ?

ಕೋರ್ಟು ಕಚೇರಿ
ಅಲೆಕ್ಸ್ ವಿಯಾನುವೆವಾ. ಇವರ ಕಥೆ ಬೇರೆಯೇ ಪಾಠ.

ಬಾಕಾ ನಂತರ 2014ರಲ್ಲಿ ಜಿಮ್ ಮೆಕ್‌ಡೊನೆಲ್ ಗೆದ್ದರು. ಹೊರಗಿನಿಂದ ಬಂದವರು, ಜೈಲು ಸುಧಾರಣೆ ಮಾಡ್ತೀನಿ ಅಂದವರು. 2018ರಲ್ಲಿ ಮೆಕ್‌ಡೊನೆಲ್‌ರನ್ನು ಇಲಾಖೆಯ ನಿವೃತ್ತ ಲೆಫ್ಟಿನೆಂಟ್ ವಿಯಾನುವೆವಾ ಸೋಲಿಸಿದರು. ಅಧಿಕಾರದಲ್ಲಿದ್ದ ಶೆರೀಫ್ ಸೋತು ನೂರು ವರ್ಷ ಆಗಿತ್ತು. ವಿಯಾನುವೆವಾ ವಲಸೆ ಇಲಾಖೆಯವರನ್ನು ಜೈಲಿನಿಂದ ಹೊರಗೆ ಹಾಕ್ತೀನಿ ಅಂದರು, ಅದನ್ನು ಮಾಡಿಯೂ ಮಾಡಿದರು. ಪ್ರಗತಿಪರರು ಅವರಿಗೇ ಓಟು ಹಾಕಿದ್ದರು. ನಾನೂ ಸಹ, ಮುಚ್ಚಿಡೋದೇನು.

ಆಮೇಲೆ ಶುರುವಾಯಿತು. ಮಾಜಿ ಗೆಳತಿಯ ಮೇಲೆ ದೌರ್ಜನ್ಯದ ಆರೋಪದಲ್ಲಿ ವಜಾ ಆಗಿದ್ದ ಡೆಪ್ಯುಟಿಯನ್ನು ಬಂದ ತಕ್ಷಣ ವಾಪಸ್ ತಗೊಂಡರು. ಅವನು ಅವರ ಪ್ರಚಾರಕ್ಕೆ ಕೆಲಸ ಮಾಡಿದವನು. ಕೌಂಟಿ ಕೋರ್ಟಿಗೆ ಹೋಯಿತು. ಕೌಂಟಿಯೇ ಕೌಂಟಿಯ ಶೆರೀಫ್ ಮೇಲೆ ದಾವೆ! ಮೇಲ್ವಿಚಾರಣಾ ಆಯೋಗಕ್ಕೆ ಸಮನ್ಸ್ ಹೊರಡಿಸುವ ಅಧಿಕಾರವನ್ನು 2020ರಲ್ಲಿ ಜನರೇ ಓಟು ಹಾಕಿ ಕೊಟ್ಟರು. ಸಮನ್ಸ್ ಹೋಯಿತು, ಶೆರೀಫ್ ಬರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅವರ ಡೆಪ್ಯುಟಿಗಳು ಬೆಳ್ಳಂಬೆಳಗ್ಗೆ ಸೂಪರ್‌ವೈಸರ್ ಶೀಲಾ ಕ್ಯೂಲ್ ಮನೆ ಶೋಧಿಸಿದರು. ಕ್ಯೂಲ್ ಈ ಶೆರೀಫರನ್ನು ಕಟುವಾಗಿ ಟೀಕಿಸುತ್ತಿದ್ದವರು. ಒಂದು ಗುತ್ತಿಗೆಯ ತನಿಖೆ ಅಂತ ಕಾರಣ ಕೊಟ್ಟರು. ಕೆಲವೇ ದಿನದಲ್ಲಿ ರಾಜ್ಯದ ಅಟಾರ್ನಿ ಜನರಲ್ ಆ ತನಿಖೆಯನ್ನು ಅವರ ಕೈಯಿಂದ ತಗೊಂಡರು.

ಅದೇ ನವೆಂಬರಿನಲ್ಲಿ ಎರಡು ಆಯಿತು. ವಿಯಾನುವೆವಾ ಸೋತರು, ಲಾಂಗ್ ಬೀಚ್ ಪೊಲೀಸ್ ಮುಖ್ಯಸ್ಥರಾಗಿದ್ದ ರಾಬರ್ಟ್ ಲೂನಾ ಗೆದ್ದರು. ಜೊತೆಗೆ ಮೆಷರ್ ಎ ಅಂತ ಜನರ ಓಟಿಗೆ ಹಾಕಿದ ಪ್ರಸ್ತಾಪ ಪಾಸಾಯಿತು. ಈಗ ಐವರಲ್ಲಿ ನಾಲ್ವರು ಸೂಪರ್‌ವೈಸರ್ ಒಪ್ಪಿದರೆ, ತಕ್ಕ ಕಾರಣ ಇದ್ದರೆ, ಶೆರೀಫನನ್ನು ತೆಗೆಯಬಹುದು.

ಕ್ಯುಪರ್ಟಿನೊ ತಮ್ಮ
ಸಾನ್ ಫ್ರಾನ್ಸಿಸ್ಕೋ ಕಡೆಯ ಬೇ ಏರಿಯಾದವರು ನಗಬೇಡಿ ಅಂತ ಹೇಳೋಕೆ ಬಂದೆ. ಕ್ಯುಪರ್ಟಿನೊ, ಸಾರಟೋಗಾ ಎರಡಕ್ಕೂ ಪೊಲೀಸ್ ಇಲ್ಲ, ಸಾಂಟಾ ಕ್ಲಾರಾ ಕೌಂಟಿ ಶೆರೀಫೇ ಗತಿ. ಇಲ್ಲಿ ಇಷ್ಟು ಕನ್ನಡಿಗರಿದ್ದೀವಿ, ಶಾಲೆ ರೇಟಿಂಗ್ ಎಲ್ಲರಿಗೂ ಬಾಯಿಪಾಠ, ಶೆರೀಫ್ ಹೆಸರು ಕೇಳಿದ್ರೆ ಮುಖ ಮುಖ ನೋಡ್ತಾರೆ. ನಮ್ಮ ಹಿಂದಿನ ಶೆರೀಫ್ ಲಾರಿ ಸ್ಮಿತ್. ಗನ್ ಪರ್ಮಿಟ್ ಕೊಡುವುದರಲ್ಲಿ ತಮಗೆ ಬೇಕಾದವರಿಗೆ ಒಂದು ನ್ಯಾಯ, ಉಳಿದವರಿಗೆ ಒಂದು ನ್ಯಾಯ ಅಂತ ವಿಚಾರಣೆ ನಡೆಯಿತು. 2022ರಲ್ಲಿ ತೀರ್ಪು ಬರುವ ಮುಂಚೆಯೇ ರಾಜೀನಾಮೆ ಕೊಟ್ಟರು. ಜ್ಯೂರಿ ಆರೂ ಆರೋಪ ನಿಜ ಅಂದಿತು. ಪಕ್ಕದ ಸಾನ್ ಮಟೇಯೊ ಕೌಂಟಿಯಲ್ಲಿ 2025ರ ಅಕ್ಟೋಬರಿನಲ್ಲಿ ಸೂಪರ್‌ವೈಸರ್‌ಗಳು ಐದಕ್ಕೆ ಐದು ಓಟು ಹಾಕಿ ಶೆರೀಫನ್ನೇ ತೆಗೆದರು. ಅದಕ್ಕೂ ಮೊದಲು ಜನರ ಹತ್ತಿರ ಹೋಗಿ ಆ ಅಧಿಕಾರ ಕೇಳಿ ತಗೋಬೇಕಾಯಿತು.

ನಿವೃತ್ತ ದಫೇದಾರ
ತೆಗೆಯುವ ಅಧಿಕಾರ ಕೊಟ್ಟಿರಿ, ಸಂತೋಷ. ನಾಳೆ ಶೆರೀಫ್ ಒಬ್ಬ ಸೂಪರ್‌ವೈಸರ್‌ನ ಭಾವಮೈದನನ್ನು ಹಿಡಿದರೆ? ನಾಲ್ಕು ಜನ ಸೇರಿ ಮನೆಗೆ ಕಳಿಸಿದರೆ? ನಮ್ಮೂರಿನ ಫೋನ್ ಕರೆ ಇಲ್ಲಿಗೂ ಬರುತ್ತದೆ.

ಕೋರ್ಟು ಕಚೇರಿ
ಅದೇ ಭಯಕ್ಕೇ, ತೆಗೆಯುವ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಶೆರೀಫ್‌ಗೂ ತನ್ನ ವಾದ ಹೇಳಲು ಅವಕಾಶ ಕೊಡಬೇಕು ಅಂತಿದೆ. ಸಾಕಾ ಅಂದರೆ ಗೊತ್ತಿಲ್ಲ. ಇಲ್ಲಿ ಅದನ್ನು ಇನ್ನೂ ಯಾರೂ ಬಳಸಿ ನೋಡಿಲ್ಲ. ನನಗೆ ಬೇಜಾರು ಬೇರೆ. ಮೂವತ್ತು ವರ್ಷದಲ್ಲಿ ಆಯೋಗದ ಮೇಲೆ ಆಯೋಗ ಬಂತು, ಇನ್‌ಸ್ಪೆಕ್ಟರ್ ಜನರಲ್ (ನಮ್ಮ ಐಜಿ ಅಲ್ಲ, ಇಲಾಖೆಯನ್ನು ಹೊರಗಿನಿಂದ ಪರಿಶೀಲಿಸುವವರು) ಬಂದರು. ಎಲ್ಲರೂ ಬರೆದದ್ದು ಸರಿಯೇ. ಕೇಳಲೇಬೇಕು ಅಂತ ಶೆರೀಫ್‌ಗೆ ಯಾರೂ ಹೇಳುವ ಹಾಗಿರಲಿಲ್ಲ.

ಹಾಸನದ ಹುಡುಗ
ಅಪ್ಪ ಈಗ ಹೊಸ ಪ್ರಶ್ನೆ ಕೇಳ್ತಿದ್ದಾರೆ. "ನೀನು ಓಟು ಹಾಕೋ ಹಾಗಿಲ್ಲ. ವೀಸಾದವನು. ತೆರಿಗೆ ಕಟ್ತೀಯ, ಅವರ ಪರಿಹಾರದಲ್ಲೂ ನಿನ್ನ ಪಾಲಿದೆ. ಹಾಗಾದ್ರೆ ನಿನ್ನ ಮಾತು ಹೇಳೋದೆಲ್ಲಿ?" ನನಗೂ ಉತ್ತರ ಗೊತ್ತಿಲ್ಲ.

ಲೇಕ್‌ವುಡ್ ರಾಯರು
ಶೆರೀಫ್ ಚುನಾವಣೆಯಲ್ಲಿ ಇಲ್ಲ. ಆದರೆ ನಿಮ್ಮೂರಿಗೆ ಶೆರೀಫ್ ಬರುವುದು ಒಪ್ಪಂದದ ಮೇಲೆ, ಅದು ಮರೆಯಬೇಡಿ. ಆ ಒಪ್ಪಂದಕ್ಕೆ ಸಹಿ ಹಾಕುವುದು ಆರ್ಟೀಸಿಯಾ ಸಿಟಿ ಕೌನ್ಸಿಲ್. ಎಷ್ಟು ಕಾರು, ಯಾವ ಹೊತ್ತಿಗೆ, ಎಷ್ಟು ಹಣ, ಎಲ್ಲ ಅಲ್ಲಿ ಚರ್ಚೆಗೆ ಬರುತ್ತದೆ. ಕೌನ್ಸಿಲ್ ಸಭೆ ಎಲ್ಲರಿಗೂ ತೆರೆದದ್ದು. ಸಾರ್ವಜನಿಕರು ಮಾತಾಡಲು ಸಮಯ ಇರುತ್ತದೆ, ಕೆಲವೇ ನಿಮಿಷ. ವೀಸಾ, ಹಸಿರು ಕಾರ್ಡು ಅಂತ ಯಾರೂ ಕೇಳುವುದಿಲ್ಲ. ಕೌಂಟಿಯ ಮೇಲ್ವಿಚಾರಣಾ ಆಯೋಗದ ಸಭೆಯಲ್ಲೂ ಹಾಗೇ.

ನಾನು ಲೇಕ್‌ವುಡ್‌ನಲ್ಲಿ ಎರಡು ಸಲ ಮಾತಾಡಿದ್ದೇನೆ. ಒಂದು ಸಲ ಶಾಲೆ ಮುಂದೆ ವೇಗವಾಗಿ ಹೋಗುವ ಕಾರುಗಳ ಬಗ್ಗೆ, ಒಂದು ಸಲ ಕಳವಿನ ಬಗ್ಗೆ. ಮೊದಲ ಸಲ ಕಾಲು ನಡುಗಿತ್ತು.

ಹಾಸನದ ಹುಡುಗ
ಅಪ್ಪನನ್ನೂ ಕರ್ಕೊಂಡು ಹೋಗಬಹುದಾ? ಅವರದ್ದು ಸಂದರ್ಶಕ ವೀಸಾ.

ಲೇಕ್‌ವುಡ್ ರಾಯರು
ಧಾರಾಳವಾಗಿ. ಸಭೆಯ ವಿಷಯಪಟ್ಟಿ ಮೊದಲೇ ಹಾಕಿರುತ್ತಾರೆ, ಅದನ್ನು ಮುದ್ರಿಸಿ ಅವರ ಕೈಗೆ ಕೊಡಿ. ಶಿರಸ್ತೇದಾರರಲ್ವಾ, ಬಜೆಟ್ ಪುಟವನ್ನು ನಮಗಿಂತ ಚೆನ್ನಾಗಿ ಓದುತ್ತಾರೆ.